ಬರ್ಫಿನಲ್ಲಿಟ್ಟ ರಕ್ತ

ಹೋದ ತಿಂಗಳು ಸುರಪುರದಲ್ಲಿ ಹೊಸ ಲ್ಯಾಬ್ ಟೆಕ್ನಿಷಿಯನ್ನರಿಗೆ ಒಂದು ದಿನದ ತರಬೇತಿ ನಡೆಯಿತು. ರಕ್ತ ಹೇಗೆ ತೆಗೆಯಬೇಕು, ತೆಗೆದದ್ದನ್ನು ಹೇಗೆ ಸಾಗಿಸಬೇಕು ಎಂದು ಹೇಳಿಕೊಡುವ ಸರದಿ ನನ್ನದಾಗಿತ್ತು. ಹದಿನೈದು ವರ್ಷ ಇದೇ ಕೆಲಸ ಮಾಡಿದವಳು ನಾನು, ಮಾತು ತಾನಾಗಿಯೇ ಬರುತ್ತದೆ. "ಕಣ ಎಣಿಸಲು ತೆಗೆದ ರಕ್ತವನ್ನು ರೂಮ್ ಟೆಂಪರೇಚರಿನಲ್ಲೇ ಇಡಬೇಕು, ಐಸಿನಲ್ಲಿ ಇಡಬಾರದು" ಎಂದೆ. ಹಿಂದಿನ ಬೆಂಚಿನಿಂದ ಹುಣಸಗಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಮ್ಮ ಕಡಿ ರೂಮ್ ಟೆಂಪರೇಚರ್ ಅಂದ್ರ ಎಷ್ಟ್ರಿ? ಮೇ ತಿಂಗಳಾಗ ನಮ್ಮ ರೂಮಿನ್ಯಾಗ ರೊಟ್ಟಿ ಸುಡಬಹುದು" ಎಂದಳು. ಎಲ್ಲರೂ ನಕ್ಕರು. ನಾನೂ ನಗಬೇಕಿತ್ತು. ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟೆ. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಹನ್ನೆರಡು ವರ್ಷದ ಹಿಂದೆ ನಾನು ಕೇಳಬೇಕಿತ್ತು. ಕೇಳಿದ್ದರೆ ನೀಲಮ್ಮನ ಸೌಟು ನೀಲಮ್ಮನ ಕೈಯಲ್ಲೇ ಉಳಿಯುತ್ತಿತ್ತು.

ಆಗ ನನಗೆ ಇಪ್ಪತ್ತಾರು. ಶಹಾಪುರದವಳು. ಡಿಪ್ಲೊಮಾ ಮುಗಿಸಿ, ಒಂದೆರಡು ಖಾಸಗಿ ಲ್ಯಾಬುಗಳಲ್ಲಿ ಮೂತ್ರದ ಬಾಟಲಿ ತೊಳೆದು ಸಾಕಾಗಿ, ಗುತ್ತಿಗೆಯ ಮೇಲೆ ಒಂದು ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ. ಕೆಲಸ ಸ್ವಲ್ಪ ವಿಚಿತ್ರದ್ದು. ದವಾಖಾನೆಗೆ ರೋಗ ಇದ್ದವರು ಬರುತ್ತಾರೆ, ನಮಗೆ ಬೇಕಾದವರು ರೋಗ ಇಲ್ಲದವರು. ರಕ್ತದಲ್ಲಿ ರೋಗದ ಜೊತೆ ಬಡಿದಾಡುವ ಬಿಳಿ ಕಣಗಳಿರುತ್ತವಲ್ಲ, ಅವುಗಳಲ್ಲೂ ಬೇರೆ ಬೇರೆ ಪಂಗಡಗಳು. ಗಟ್ಟಿಮುಟ್ಟಾದ ಮನುಷ್ಯನಲ್ಲಿ ಯಾವ ಪಂಗಡ ಎಷ್ಟಿರಬೇಕು ಎಂಬ ಪಟ್ಟಿ ಪುಸ್ತಕದಲ್ಲಿ ಇತ್ತು. ಆದರೆ ಅದು ಬೇರೆ ದೇಶದವರ ರಕ್ತ ನೋಡಿ ಬರೆದದ್ದು. "ಈ ಬಿಸಿಲಲ್ಲಿ ದುಡಿದು, ಜೋಳದ ರೊಟ್ಟಿ ತಿಂದು, ಕಾಲುವೆ ನೀರು ಕುಡಿಯುವವರಲ್ಲಿ ಎಷ್ಟಿರುತ್ತೆ ಅಂತ ಯಾರೂ ನೋಡಿಲ್ಲ. ಸರಿ ಎಷ್ಟು ಅಂತಲೇ ಗೊತ್ತಿಲ್ಲದೆ ಕಡಿಮೆ ಅಂತ ಹೇಗೆ ಹೇಳೋದು?" ಎನ್ನುತ್ತಿದ್ದರು ನಮ್ಮ ಶಾರದಾ ಮೇಡಂ. ಆ ಕೆಲಸದ ಮುಖ್ಯಸ್ಥೆ ಅವರು, ಹೊರಗಿನಿಂದ ಬಂದ ಡಾಕ್ಟರು. ಮಾತು ಕಡಿಮೆ, ಆದರೆ ಒಬ್ಬರನ್ನೂ ಏಕವಚನದಲ್ಲಿ ಬೈದವರಲ್ಲ.

ಎಣಿಸುವ ಯಂತ್ರ ಯಾದಗಿರಿಯ ಒಂದು ಕೋಣೆಯಲ್ಲಿತ್ತು. ಹೆಸರು ಫ್ಲೋ ಸೈಟೋಮೀಟರ್. ರಕ್ತಕ್ಕೆ ಹೊಳೆಯುವ ಬಣ್ಣ ಬೆರೆಸಿದರೆ ಒಂದೊಂದು ಪಂಗಡಕ್ಕೆ ಒಂದೊಂದು ಬಣ್ಣ ಅಂಟಿಕೊಳ್ಳುತ್ತದೆ. ಆಮೇಲೆ ಕಣಗಳು ಸಾಲಾಗಿ, ಒಂದರ ಹಿಂದೊಂದು, ಸೂಜಿಯಂಥ ಬೆಳಕಿನ ಮುಂದೆ ಹಾಯುತ್ತವೆ, ಯಂತ್ರ ಬಣ್ಣ ನೋಡಿ ಎಣಿಸುತ್ತದೆ. ಆ ಕೋಣೆಗೆ ಎಸಿ ಇತ್ತು. ಯಾದಗಿರಿಯಲ್ಲಿ ಆ ಯಂತ್ರದಷ್ಟು ಸುಖಪಟ್ಟ ಜೀವ ಮತ್ತೊಂದಿರಲಿಲ್ಲ. ತೊಡಕು ಏನೆಂದರೆ, ಏಡ್ಸ್ ಇದ್ದವರ ಕಣ ಎಣಿಸುವುದೂ ಅದೇ ಬಗೆಯ ಯಂತ್ರದಲ್ಲಿ. ಹಳ್ಳಿಗಳಲ್ಲಿ ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಅದು ಯಾರಿಗಾಗಿ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅದು ಬೇಸಿಗೆ. ಎರಡನೆಯ ಬೆಳೆಯ ಭತ್ತ ಕೊಯ್ದು ಮುಗಿದು ಕಾಲುವೆ ಬಂದ್ ಆಗಿತ್ತು. ನೀರಿಲ್ಲದ ಕಾಲುವೆಯೊಳಗೆ ಎಮ್ಮೆಗಳು ಓಡಾಡುತ್ತಿದ್ದವು. ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಊರಿಗೆಲ್ಲ ಹೊಗೆ. ಭೀಮರಾಯನಗುಡಿಯಲ್ಲಿ ಕಾಲುವೆ ಪ್ರಾಜೆಕ್ಟಿನ ಹಳೆಯ ಕ್ವಾರ್ಟರ್ಸಿನ ಒಂದು ಮನೆಯನ್ನು ನಮಗೆ ಕೊಟ್ಟಿದ್ದರು. ಅಲ್ಲಿಂದ ಬೆಳಗಿನ ಬಸ್ಸು ಹಿಡಿದು ಸುರಪುರ, ಅಲ್ಲಿಂದ ಕಕ್ಕೇರಾ ಕಡೆಯ ಬಸ್ಸು, ದಾರಿಯ ಹಳ್ಳಿಗಳಲ್ಲಿ ಇಳಿದು ರಕ್ತ ತೆಗೆದು, ಅದೇ ದಿನ ಯಾದಗಿರಿಗೆ ಮುಟ್ಟಿಸಬೇಕು. ಇದು ನನ್ನ ದಿನಚರಿ.

ನೀಲಮ್ಮನ ಊರು ಆ ರಸ್ತೆಯಲ್ಲೇ. ಊರಿನ ಹೆಸರು ಬರೆಯುವುದಿಲ್ಲ, ಆ ಊರಿನದೇನೂ ತಪ್ಪಿಲ್ಲ. ನೀಲಮ್ಮ ಅಲ್ಲಿಯ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ಮೂವತ್ತೈದರ ಹೆಂಗಸು, ಗಂಡ ಪುಣೆಗೆ ದುಡಿಯಲು ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಶಾಲೆಗೆ ರಜೆ ಇದ್ದರೂ ಅಡುಗೆಮನೆಯ ಕೀಲಿ ಅವಳ ಸೊಂಟದಲ್ಲೇ ಇರುತ್ತಿತ್ತು. ರಕ್ತ ಅಂದಕೂಡಲೇ ಓಡುತ್ತಿದ್ದ ಹೆಂಗಸರನ್ನು ಶಾಲೆಯ ಪಡಸಾಲೆಗೆ ಕರೆತಂದು ಕೂಡಿಸಿದವಳು ಅವಳೇ. ನಾನು ಕಣ, ಬಣ್ಣ, ಬೆಳಕು ಎಂದು ಪುಸ್ತಕದ ಹಾಗೆ ಒದರುತ್ತಿದ್ದರೆ ಅವಳು ಮಧ್ಯೆ ಬಾಯಿ ಹಾಕಿ, "ಏನಿಲ್ರೇ, ಕುರಿ ದೊಡ್ಡಿ ಬಾಗಲದಾಗ ಒಂದೊಂದೇ ಬಿಟ್ಟು ಎಣಿಸಂಗಿಲ್ಲೇನು? ಬೆನ್ನಿಗಿ ಬಣ್ಣ ಹಚ್ಚಿರ್ತಾರ, ಕೆಂಪು ಹಚ್ಚಿದ್ದು ನಮ್ದು, ಹಸರು ಹಚ್ಚಿದ್ದು ಅವರದು. ಹಂಗ ಇದು" ಎಂದಳು. ಅಷ್ಟು ಚೆನ್ನಾಗಿ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ತರಬೇತಿಗಳಲ್ಲಿ ಆ ಕುರಿಯ ಮಾತನ್ನು ನನ್ನದೇ ಎಂಬಂತೆ ಹೇಳುತ್ತೇನೆ, ಅದೂ ಒಂದು ಕಳ್ಳತನ.

ಅವತ್ತು ಏಳು ಮಂದಿ ರಕ್ತ ಕೊಟ್ಟರು. ಉಳಿದವರ ಕೈ ಹಿಡಿದು ಧೈರ್ಯ ಹೇಳಿ, ನೀಲಮ್ಮ ಕೊನೆಗೆ ಕೂತಳು. ನನ್ನ ಸ್ಟ್ಯಾಂಡಿನಲ್ಲಿ ಆರು ಕೊಳವೆಗೆ ಮಾತ್ರ ಜಾಗ. ಅವಳ ಕೊಳವೆಯನ್ನು ಹತ್ತಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಥರ್ಮಾಕೋಲ್ ಡಬ್ಬಿಯ ತಳದಲ್ಲಿ ತಣ್ಣೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಡಬೇಕು, ಅಷ್ಟೇ. "ಮುಟ್ಟಿದರೆ ತಂಪು ಅನ್ನಿಸಬೇಕು, ಕೊರೆಯಬಾರದು" ಎಂದು ಮೇಡಂ ಎಷ್ಟು ಸಲ ಹೇಳಿದ್ದರೋ. ಡಬ್ಬಿಯನ್ನು ನೀಲಮ್ಮನೇ ತಲೆಯ ಮೇಲೆ ಹೊತ್ತು ರಸ್ತೆಗೆ ಬಂದಳು. ಬಸ್ಸಿಲ್ಲ. ಕಕ್ಕೇರಾ ದಾಟಿ ಎಲ್ಲೋ ಕೆಟ್ಟು ನಿಂತಿದೆಯಂತೆ. ಹನ್ನೆರಡಾಯಿತು, ಒಂದಾಯಿತು. ಡಬ್ಬಿಯೊಳಗಿನ ಥರ್ಮಾಮೀಟರ್ ಏರುತ್ತಲೇ ಇತ್ತು. ನನಗೆ ಒಂದೇ ಹೆದರಿಕೆ, ರಕ್ತ ಕೆಟ್ಟರೆ ಇಷ್ಟು ದಿನದ ಓಡಾಟ ವ್ಯರ್ಥ, ಬೈಗುಳ ಬೇರೆ. ನಮ್ಮ ಸೀಮೆಯಲ್ಲಿ ಬೇಸಿಗೆಗೆ ಇರುವುದು ಒಂದೇ ಉಪಾಯ. ಹಾಲಿರಲಿ, ಮೀನಿರಲಿ, ಮಕ್ಕಳಿಗೆ ಹಾಕುವ ಲಸಿಕೆ ಇರಲಿ, ಕೆಡಬಾರದು ಎಂದರೆ ಬರ್ಫು, ಅಂದರೆ ಐಸು. ಎದುರಿಗೆ ಶರಬತ್ತಿನ ಗಾಡಿ ಇತ್ತು. ಒಂದು ಗಡ್ಡೆ ಬರ್ಫು ಒಡೆಸಿ ತಂದು ಡಬ್ಬಿಗೆ ಸುರಿದು, ಮೇಲೆ ಸ್ಟ್ಯಾಂಡ್ ಇಟ್ಟೆ. ಸ್ಟ್ಯಾಂಡಿನಲ್ಲಿ ಜಾಗವಿಲ್ಲದ ಏಳನೆಯ ಕೊಳವೆಯನ್ನು ನೇರ ಬರ್ಫಿನೊಳಗೆ ತುರುಕಿದೆ.

"ಅದು ನಂದಲ್ಲೇನು?" ಎಂದಳು ನೀಲಮ್ಮ.

"ಹೌದಕ್ಕಾ."

"ಹಂಗ ಬರ್ಫಿನ್ಯಾಗ ಇಟ್ರ ನಡೀತದೇನು?"

"ಕೆಡಬಾರದು ಅಂತನೇ ಇಡೋದು. ನೀ ಹಾಲು ಇಡಂಗಿಲ್ಲೇನು?" ಎಂದೆ. ಡಿಪ್ಲೊಮಾದ ಸೊಕ್ಕು. ಬಸ್ಸು ಬಂದ ಮೇಲೆ ಅವಳೇ ಡಬ್ಬಿ ಎತ್ತಿ ನನ್ನ ಕೈಗೆ ಕೊಟ್ಟಳು.

ಮರುದಿನ ಮೇಡಂ ನನ್ನನ್ನು ಪರದೆಯ ಮುಂದೆ ಕರೆದರು. ಉಳಿದವರ ಚುಕ್ಕೆಗಳು ಗುಂಪು ಗುಂಪಾಗಿ ದಟ್ಟವಾಗಿದ್ದವು. ಏಳನೆಯದರಲ್ಲಿ ಒಂದು ಗುಂಪು ತೀರ ತೆಳುವಾಗಿತ್ತು. ಏಡ್ಸ್ ಇದ್ದವರಲ್ಲಿ ಕರಗುವುದೂ ಅದೇ ಪಂಗಡ. ಆದರೆ ರಕ್ತ ತೆಗೆದ ದಿನವೇ ಎಲ್ಲರಿಗೂ ಆ ರೋಗದ ಪರೀಕ್ಷೆಯನ್ನೂ ಮಾಡಿದ್ದೆವು, ನೀಲಮ್ಮನಿಗೆ ಅದು ಇಲ್ಲವೆಂದು ನನ್ನ ಕೈಯಲ್ಲೇ ಚೀಟಿ ಇತ್ತು. "ಏನೋ ಸರಿಯಿಲ್ಲ, ಇನ್ನೊಮ್ಮೆ ತೆಗೆದು ನೋಡೋಣ. ನೀವೇ ಹೋಗಿ, ಅವರ ಮನೆಯಲ್ಲಿ ಕೂತು ಮೆಲ್ಲಗೆ ಹೇಳಿ ಕರೆದುಕೊಂಡು ಬನ್ನಿ. ಬೇರೆಯವರ ಕಿವಿಗೆ ಬೀಳಬಾರದು" ಎಂದರು ಮೇಡಂ. ಬರ್ಫು ನನಗೆ ಆ ಗಳಿಗೆಯಲ್ಲೇ ನೆನಪಾಯಿತು. ಆಗಲಿಲ್ಲ ಎಂದು ಇಷ್ಟು ವರ್ಷದ ಮೇಲೆ ಮತ್ತೊಂದು ಸುಳ್ಳು ಹೇಳುವುದಿಲ್ಲ. ನೆನಪಾಯಿತು, ಬಾಯಿ ಬಿಡಲಿಲ್ಲ.

ನಾಳೆ ಹೋದರಾಯಿತು ಎಂದು ದಿನ ದೂಡಿದೆ. ಶಾಲೆಗಳು ಶುರುವಾದವು. ಮೇಡಂ ಎರಡನೆಯ ಸಲ ಕೇಳಿದಾಗ ಗಾಬರಿಯಾಗಿ, ಎರಡು ಬಸ್ಸು ಬದಲಿಸುವ ಬದಲು ಫೋನು ಮಾಡಿದೆ. ನೀಲಮ್ಮನ ಹತ್ತಿರ ಫೋನಿರಲಿಲ್ಲ, ಫಾರಂನಲ್ಲಿ ಶಾಲೆಯ ಹೆಡ್ ಮಾಸ್ತರರ ನಂಬರಿತ್ತು. "ನೀಲಮ್ಮನ ರಕ್ತದಾಗ ಜರಾ ಕಡಿಮಿ ಬಂದದ್ರಿ, ಯಾದಗಿರಿಗಿ ಮತ್ತೊಮ್ಮಿ ಕಳಸ್ರಿ" ಎಂದೆ. ಆ ಮಾಸ್ತರರು ಕೆಟ್ಟವರಲ್ಲ. ಫೋನು ಕಿವಿಯಿಂದ ತೆಗೆಯದೆಯೇ ಅಡುಗೆಮನೆಯ ಕಡೆ ಕೂಗಿದ್ದು ನನಗೂ ಕೇಳಿಸಿತು. "ನೀಲಮ್ಮಾ, ನಿನ್ನ ರಕ್ತದಾಗ ಏನೋ ಕಡಿಮಿ ಅದಂತ, ಆ ಯಾದಗಿರಿ ಮಷಿನ್ ಕಡಿ ಬಾ ಅನ್ನಾಕತ್ತಾರ." ಅವತ್ತು ಮಕ್ಕಳ ಹೆಸರು ಶಾಲೆಗೆ ಹಚ್ಚಲು ಬಂದ ತಾಯಂದಿರು ಅಂಗಳದ ತುಂಬ ಇದ್ದರಂತೆ. ಗಂಡ ಪುಣೆಯಲ್ಲಿ ಸತ್ತವನು, ಹೆಂಡತಿಯ ರಕ್ತ ಆ ಮಷಿನ್ನಿಗೆ. ಊರಿಗೆ ಇನ್ನೇನು ಬೇಕು?

ಮೂರನೆಯ ದಿನ ನೀಲಮ್ಮ ಒಬ್ಬಳೇ ಯಾದಗಿರಿಗೆ ಬಂದಳು. ಆಗಷ್ಟೇ ಮಡಿಕೆ ಬಿಚ್ಚಿದ ಸೀರೆ ಉಟ್ಟು, ಮದುವೆಗೆ ಬಂದವಳ ಹಾಗೆ. ಮೇಡಂ ತಾವೇ ರಕ್ತ ತೆಗೆದು, ಆಗಿಂದಾಗಲೇ ಎಣಿಕೆಗೆ ಹಾಕಿದರು. ಎಲ್ಲ ಗುಂಪೂ ದಟ್ಟವಾಗಿ ಬಂದವು. "ಕುರಿ ಎಲ್ಲಾ ದೊಡ್ಡಿಗಿ ಬಂದಾವೇನ್ರಿ?" ಎಂದು ಕೇಳಿದಳು ನೀಲಮ್ಮ. ಮೇಡಂ ನಕ್ಕು, ಎಲ್ಲ ಬಂದಿವೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೊದಲ ಸಲ ಡಬ್ಬಿಯಲ್ಲಿ ಹೇಗೆ ಇಟ್ಟಿದ್ರಿ? ಚಳಿ ತಾಗಿತ್ತಾ? ಐಸು ಮುಟ್ಟಿದರೆ ಈ ಪಂಗಡವೇ ಕಡಿಮೆ ಕಾಣಿಸುತ್ತೆ."

"ಇಲ್ಲ ಮೇಡಂ, ನೀವು ಹೇಳಿದ ಹಾಗೇ ಇಟ್ಟಿದ್ದೆ" ಎಂದೆ.

ನೀಲಮ್ಮ ಅಲ್ಲೇ ಸ್ಟೂಲಿನ ಮೇಲೆ ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದಳು. ನನ್ನ ಮುಖ ನೋಡಿದಳು. ಮೇಡಂ ನನ್ನ ಮಾತು ನಂಬಿ, ಹಾಗಾದರೆ ಯಂತ್ರದ್ದೋ ಬಣ್ಣದ್ದೋ ದೋಷವಿರಬೇಕು ಎಂದು ಬರೆದುಕೊಂಡರು. ಆಗ ನೀಲಮ್ಮ ಮೆಲ್ಲಗೆ, "ಮಕ್ಕಳಿಗಿ ನನ್ನ ಕೈಲೆ ಊಟ ಹಾಕಸಬ್ಯಾಡ ಅಂತ ಊರಾಗ ಅನ್ನಾಕತ್ತಾರ್ರಿ. ಯಾರರ ಬಂದು ಒಂದ್ ಮಾತು ಹೇಳ್ರಿ" ಎಂದಳು. ಮೇಡಂ ಪತ್ರ ಬರೆದುಕೊಟ್ಟರು, ಅದನ್ನು ಓದಿ ಹೇಳಿ ಬರುವ ಕೆಲಸ ನನಗೆ ಬಂತು.

ಬಸ್ ಸ್ಟ್ಯಾಂಡಿನ ತನಕ ಅವಳ ಜೊತೆ ಹೋದೆ. ಅರ್ಧ ದಾರಿಯಲ್ಲಿ ಅವಳು ಕೇಳಿದಳು.

"ಯಾಕ ಹೇಳಲಿಲ್ಲ ತಂಗಿ?"

"ಹೇಳಿದ್ರ ನನ್ನ ತೆಗೀತಾರಕ್ಕಾ."

ನೀಲಮ್ಮ ಹೇಳಿದಳು, "ಆತು. ಅವರ ಮುಂದ ಬ್ಯಾಡ. ನಮ್ಮೂರಾಗ ಬಂದು ಹೇಳು. ಬರ್ಫಿನ್ಯಾಗ ಇಟ್ಟಿದ್ದೆ, ತಪ್ಪಾತು ಅಂತ ಅನ್ನು, ಸಾಕು. ನಮ್ಮೂರ ಮಂದಿ ನಿನ್ನ ನೌಕ್ರಿ ತೆಗ್ಯಂಗಿಲ್ಲ."

"ಹೇಳ್ತೀನಕ್ಕಾ" ಎಂದು ಅವಳ ಕೈ ಹಿಡಿದುಕೊಂಡೆ. ಆ ಕ್ಷಣಕ್ಕೆ ನಾನು ಸುಳ್ಳಾಡಲಿಲ್ಲ. ಹೇಳಬೇಕೆಂದೇ ಇದ್ದೆ.

ನಾನು ಹೋದ ದಿನದ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಿದ್ದರು. ಬಸ್ಸಿನ ಕಿಟಕಿಯಿಂದ ಮಣ್ಣು ನೆಂದ ವಾಸನೆ, ಭತ್ತದ ಸಸಿ ಮಡಿಗಳಿಗೆ ನೀರು ಹಾಯಿಸುವ ಗದ್ದಲ. ಕೆಲಸದ ದಿನವಾದರೂ ಶಾಲೆಯ ಅಂಗಳದಲ್ಲಿ ಇಪ್ಪತ್ತು ಜನ ಸೇರಿದ್ದರು. ಮಾಸ್ತರರು ನನ್ನ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡು ಕೂತರು. ಅವರ ಕೈಯಲ್ಲಿ ಫೋನಿತ್ತು, ಆ ಫೋನಿನಲ್ಲಿ ಮೇಡಂ ನಂಬರಿತ್ತು. ನನ್ನ ಕಣ್ಣು ಪತ್ರಕ್ಕಿಂತ ಜಾಸ್ತಿ ಆ ಫೋನಿನ ಮೇಲಿತ್ತು. ಪತ್ರ ಓದಿದೆ. ನೀಲಮ್ಮನಿಗೆ ಯಾವ ರೋಗವೂ ಇಲ್ಲ, ಮೊದಲ ಸಲದ ಎಣಿಕೆಯಲ್ಲಿ ಯಂತ್ರದ ದೋಷವಾಗಿತ್ತು.

ಪಂಚೆ ಉಟ್ಟ ಒಬ್ಬ ಹಿರಿಯರು ಕಟ್ಟೆಯ ಮೇಲಿಂದ ಕೇಳಿದರು, "ಮಷಿನ್ ಸುಳ್ಳ ಹೇಳ್ತದೇನವ್ವ? ನಮ್ಮ ಕಾಲುವಿ ನೋಡು. ಗೇಟಿನಾಂವ ತಪ್ಪ ಮಾಡಿ ನೀರು ಹೆಚ್ಚುಕಡಿಮಿ ಬಿಡ್ತಾನ. ಗೇಟಿನ ಬಾಜೂಕ ನಿಲ್ಲಿಸಿದ ಅಳತಿ ಪಟ್ಟಿ ಯಾವಾಗರ ತಪ್ಪ ಹೇಳ್ಯದೇನು?"

ಜನ ತಲೆ ಆಡಿಸಿದರು. ಅವರು ಅಷ್ಟಕ್ಕೇ ಬಿಡಲಿಲ್ಲ. "ಯಾರರ ಮನಷ್ಯಾರು ತಪ್ಪ ಮಾಡಿದ್ರ ಹೇಳವ್ವ, ನಂಬ್ತೀವಿ. ನಾವೂ ಮನಷ್ಯಾರ ಅದೀವಿ."

ಇದಕ್ಕಿಂತ ಅಗಲವಾಗಿ ಯಾರೂ ನನಗೆ ಬಾಗಿಲು ತೆರೆದವರಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನೀಲಮ್ಮ ನಿಂತಿದ್ದಳು. ಕಣ್ಣು ನನ್ನ ಮೇಲೆಯೇ ಇತ್ತು. ಬರ್ಫು ಎಂಬ ಒಂದು ಮಾತು ಸಾಕಿತ್ತು. ಆ ಅಂಗಳದಲ್ಲಿ ಆ ಮಾತಿನ ಅರ್ಥ ತಿಳಿಯದವರು ಒಬ್ಬರೂ ಇರಲಿಲ್ಲ.

"ಇಲ್ರಿ, ಮನುಷ್ಯಾರ ತಪ್ಪೇನಿಲ್ರಿ" ಎಂದೆ.

ಹಿರಿಯರು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು. ತಾಯಂದಿರಿಗೆ ಸಮಾಧಾನ ಆಗುವ ತನಕ ನೀಲಮ್ಮ ರಜೆಯ ಮೇಲಿರಲಿ ಎಂದರು ಮಾಸ್ತರರು. ನಾನು ಬ್ಯಾಗು ಎತ್ತಿಕೊಂಡು ಬಸ್ಸಿಗೆ ಓಡಿದೆ. ದೀಪಾವಳಿಯ ಹೊತ್ತಿಗೆ ಗೊತ್ತಾಯಿತು, ಸೌಟು ಬೇರೆ ಹೆಂಗಸಿನ ಕೈ ಸೇರಿದೆ, ನೀಲಮ್ಮ ಭತ್ತದ ಗದ್ದೆಗೆ ಕೂಲಿ ಹೋಗುತ್ತಿದ್ದಾಳೆ, ಸಾಲಿನಲ್ಲಿ ಅವಳ ಪಕ್ಕ ಯಾರೂ ನಿಲ್ಲುವುದಿಲ್ಲ. ಮಾರನೆಯ ವರ್ಷ ನಮ್ಮ ಕೆಲಸ ಮುಗಿಯಿತು, ಮೇಡಂ ವರ್ಗವಾಗಿ ಹೋದರು. ಆರೋಗ್ಯವಂತರ ಪಟ್ಟಿ ಅಚ್ಚಾಗಿ ಬಂತು. ಅದರಲ್ಲಿ ಹೆಸರಿಲ್ಲದೆ, ಬರೀ ಒಂದು ಅಂಕಿಯಾಗಿ ನೀಲಮ್ಮನೂ ಇದ್ದಾಳೆ. ಆ ಪಟ್ಟಿಯ ಬಲದಿಂದಲೇ ನನಗೆ ಮುಂದಿನ ನೌಕರಿ ಸಿಕ್ಕಿತು.

ಸುರಪುರದ ತರಬೇತಿ ಮುಗಿದ ಮೇಲಿನ ಭಾನುವಾರ ಆ ಊರಿಗೆ ಹೋದೆ. ಹನ್ನೆರಡು ವರ್ಷದಲ್ಲಿ ಎಷ್ಟೋ ಸಲ ಆ ರಸ್ತೆಯಲ್ಲಿ ಹಾದಿದ್ದೆ. ಆ ಊರು ಬಂದಾಗ ಸೀಟಿನಲ್ಲಿ ತಲೆ ತಗ್ಗಿಸಿ ಪರ್ಸಿನಲ್ಲಿ ಏನೋ ಹುಡುಕುವ ರೂಢಿ ನನ್ನದು. ನೀಲಮ್ಮ ಮನೆಯ ಮುಂದೆ ಇಬ್ಬರು ಹೆಂಗಸರ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೂದಲು ನರೆತಿತ್ತು, ಮೈ ತುಂಬಿಕೊಂಡಿತ್ತು. ಗುರುತು ಹಿಡಿಯಲು ಅವಳಿಗೆ ಕಷ್ಟವಾಗಲಿಲ್ಲ.

"ಬಾ ತಂಗಿ, ಕುಂಡ್ರು. ದಪ್ಪಾಗಿದಿ."

"ಅಕ್ಕಾ, ಅವತ್ತು ಹೇಳಬೇಕಾಗಿದ್ದು ಇವತ್ತು ಹೇಳಾಕ ಬಂದೀನಿ. ಮಂದೀನ ಕರಿ" ಎಂದೆ.

"ಯಾರನ್ನ ಕರೀಲಿ? ಕಟ್ಟಿ ಮ್ಯಾಲ ಕುಂತು ಕೇಳಿದ ಹಿರ್ಯಾ ಹೋಗಿ ಆರು ವರ್ಸಾತು. ಮಾಸ್ತರ್ ಬದ್ಲಿ ಆಗ್ಯಾರ. ಉಳಿದ ಮಂದಿಗಿ ಗೊತ್ತಾಗ್ಯದ."

"ಹ್ಯಾಂಗ ಗೊತ್ತಾತು?"

"ಸಾಯ್ಲಿಲ್ಲಲ್ಲ ನಾನು" ಎಂದಳು, ಕೈ ನಿಲ್ಲಿಸದೆ. "ನಾಕೈದು ವರ್ಸ ನೋಡಿದ್ರು. ಸಾಯ್ಲಿಲ್ಲ, ಸೊರಗಲಿಲ್ಲ. ಆಮ್ಯಾಲ ಒಬ್ಬೊಬ್ರೇ ಬಂದು ಬಾಜೂಕ ಕುಂಡ್ರಾಕತ್ತಿದ್ರು. ನೀ ಒಂದ್ ಮಾತಿನ್ಯಾಗ ಹೇಳೋದು, ನಾ ಅಷ್ಟ್ ವರ್ಸ ಬದುಕಿ ಹೇಳಬೇಕಾತು."

ಆ ಇಬ್ಬರು ಹೆಂಗಸರ ಮುಂದೆ ನಾನು ಎಲ್ಲವನ್ನೂ ಹೇಳಿದೆ. ಸ್ಟ್ಯಾಂಡಿನಲ್ಲಿ ಜಾಗವಿಲ್ಲದ್ದು, ಶರಬತ್ತಿನ ಗಾಡಿ, ಮೇಡಂ ಮುಂದೆ ಆಡಿದ ಸುಳ್ಳು. ಅವರು "ಹೌದಾ" ಎಂದು ಕೇಳಿ, ಮತ್ತೆ ತೊಟ್ಟು ಬಿಡಿಸತೊಡಗಿದರು. ಯಾರಿಗೂ ಅದು ಬೇಕಾಗಿರಲಿಲ್ಲ.

ನೀಲಮ್ಮ ಎದ್ದು ಒಳಗೆ ಹೋಗಿ ಚರಿಗೆಯಲ್ಲಿ ನೀರು ತಂದಳು.

"ಬರ್ಫಿಂದು ಬಿಡು ತಂಗಿ. ಸಣ್ಣಾಕಿ ಇದ್ದಿ, ಅಂಜಿದ್ದಿ. ಅದು ನನಗ ಅವತ್ತೇ ತಿಳಿದಿತ್ತು. ಆದರ ನೀ ಕಾಗದ ಓದಿ ಹೊಂಟಾಗ ನಾ ಹಿಂಗೇ ನೀರು ತಂದಿದ್ದೆ. ಎಲ್ಲಾ ಮಂದಿ ಮುಂದ. ಬಸ್ ಬರ್ತದ, ಒಲ್ಲೆ ಅಂದಿ. ಅವರು ನಿನ್ನ ಕಾಗದ ಕೇಳಿರಲಿಲ್ಲ, ನನ್ನ ಕೈಯಾಗಿನ ಚರಗಿ ನೋಡಾಕತ್ತಿದ್ರು. ದವಾಖಾನಿಯಾಕಿನೇ ಈಕಿ ಕೈಲೆ ನೀರು ಕುಡೀಲಿಲ್ಲ ಅಂದ್ರು."

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚರಿಗೆಯನ್ನು ನನ್ನ ಮುಂದೆ ಹಿಡಿದೇ ಇದ್ದಳು, ನಾನು ಇಸಿದುಕೊಂಡು ಕುಡಿದೆ. ಹನ್ನೆರಡು ವರ್ಷ ನಾನು ಆ ಬರ್ಫಿಗೆ ನಾಚಿದ್ದೆ, ಆ ಸುಳ್ಳಿಗೆ ನಾಚಿದ್ದೆ. ಅವಳು ನೀರು ತಂದದ್ದು, ನಾನು ಒಲ್ಲೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ.